ಎರಡೂವರೆ ಅಡಿ ಅಗಲದ ಕಾರು

ಕಂತು ಒಂಬತ್ತು

"ಈ ಜಲ್ಲಿ ಯಾವತ್ತು ಸುರಿದದ್ದಮ್ಮಾ?"

ಹಿತ್ತಲ ಗೋಡೆಯ ಆಚೆಯಿಂದ ಪಕ್ಕದ ಮನೆಯ ಕಾಂತಮ್ಮ ಕತ್ತೆತ್ತಿ ನೋಡಿದರು. ನನ್ನ ಪೊಲೀಸು ಟೋಪಿ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡರು.

"ಶನಿವಾರ ಬೆಳಿಗ್ಗೇನೇ ಕಣಪ್ಪಾ. ಏಳು ಗಂಟೆಗೆಲ್ಲ ಲಾರಿ ಬಂತು, ಸುರೀತು, ಹೋಯ್ತು. ಓಣಿಗೆ ರಸ್ತೆ ಮಾಡ್ತಾರಂತೆ. ನಮ್ ಹಿತ್ಲು ಬಾಗ್ಲಿಗಾದ್ರೂ ಜಾಗ ಬಿಡ್ರೋ ಅಂತ ಬಡ್ಕೊಂಡೆ. ಕೇಳಿದ್ರೆ ತಾನೆ?"

"ಆಮೇಲೆ ಯಾರಾದ್ರೂ ಸರಿಸಿದ್ರಾ?"

"ಯಾರು ಸರಿಸ್ತಾರೆ? ನಮ್ ಕೋಳಿ ಅದ್ರ ಮೇಲೆ ಮೊಟ್ಟೆ ಇಡಕ್ಕೆ ಶುರು ಮಾಡೈತೆ."

ನಾನು ಗೇಟಿನ ಕಡೆ ತಿರುಗಿದೆ. ಮಲ್ಲಿಕಾರ್ಜುನಯ್ಯನ ಮನೆಯ ಹಿತ್ತಲಲ್ಲಿರುವ ವರ್ಕ್‌ಶಾಪಿನ ಹಿಂದಿನ ಗೇಟು ಕಬ್ಬಿಣದ ತಗಡಿನದು, ಎರಡು ರೆಕ್ಕೆ, ಓಣಿಯ ಕಡೆಗೆ ತೆರೆಯುವಂಥದ್ದು. ಆ ಗೇಟಿಗೆ ಒರಗಿಕೊಂಡು ಸೊಂಟದೆತ್ತರ ಜಲ್ಲಿ ಬಿದ್ದಿತ್ತು. ಹತ್ತು ಜನ ಒಳಗಿಂದ ನೂಕಿದರೂ ಗೇಟು ಅಲುಗುವ ಹಾಗಿರಲಿಲ್ಲ.

ಅವನು ಹೊರಗೆ ಹೋಗಿದ್ದಾಗ ಅವನ ಕಾರು ಮಾಯವಾದದ್ದು ಶನಿವಾರ ಮಧ್ಯಾಹ್ನ ಹನ್ನೆರಡರ ಮೇಲೆ, ಸಂಜೆ ಐದರ ಒಳಗೆ. ಅವನ ದೂರನ್ನು ಬರೆದುಕೊಂಡವನು ನಾನೇ. 'ಗೇಟಿನ ಬೀಗ ಒಡೆದಿಲ್ಲ, ಎರಡನೇ ಬೀಗದ ಕೈ ಫಿಟ್ಟರ್ ತಿಮ್ಮರಾಯಪ್ಪನ ಬಳಿ ಇದೆ' ಎಂಬ ಸಾಲಿನ ಕೆಳಗೆ ಗೆರೆ ಎಳೆದವನೂ ನಾನೇ. ಬೀಗವನ್ನು ಗೇಟಿನ ಒಳಗಡೆಯಿಂದ ಹಿಡಿದು ಅಲ್ಲಾಡಿಸಿ ನೋಡಿದ್ದೆ. ಸುತ್ತಿ ಬಂದು ಆಚೆ ಕಡೆ ನೋಡಬೇಕೆಂದು ತೋಚಿರಲಿಲ್ಲ. ಬಿಸಿಲಿತ್ತು, ಒಳಗೆ ಕಾಫಿ ಕಾದಿತ್ತು.

ಅಷ್ಟೇ ಆಧಾರದ ಮೇಲೆ ಭಾನುವಾರ ಸಂಜೆ ನಾಲ್ಕು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮರಾಯಪ್ಪನ ಕೆನ್ನೆಗೆ ಬಾರಿಸಿದೆ. ಸೊಂಟಕ್ಕೆ ಹಗ್ಗ ಕಟ್ಟಿಸಿ ಪೇಟೆ ಬೀದಿಯ ನಡುವೆ ನಡೆಸಿಕೊಂಡು ಬಂದೆ. ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಅವನ ಹೆಂಡತಿ ಹುಲಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹಿಂದೆ ಹಿಂದೆಯೇ ಬಂದಳು.

ಬೆನಕಪ್ಪ, ಸಬ್‌ಇನ್ಸ್‌ಪೆಕ್ಟರು, ಹದಿನಾರು ವರ್ಷದ ಸರ್ವಿಸು. ಅಜ್ಜಂಪುರದ ಒಂದು ಓಣಿಯಲ್ಲಿ ಜಲ್ಲಿ ರಾಶಿಯ ಮುಂದೆ ನಿಂತಾಗ ನನ್ನ ಮುಖ ನನಗೇ ಬೇಡವಾಯಿತು.

ಗಡಿಯಾರ ನೋಡಿಕೊಂಡೆ. ಸೋಮವಾರ ಬೆಳಿಗ್ಗೆ ಹನ್ನೊಂದೂ ಹತ್ತು. ದಫೇದಾರ ಈರಣ್ಣ ಆಗಲೇ ತಿಮ್ಮರಾಯಪ್ಪನನ್ನು ಕರೆದುಕೊಂಡು ತರೀಕೆರೆ ಬಸ್ಸು ಹತ್ತಿದ್ದ. ಮೂರು ಗಂಟೆಗೆ ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹದಿನಾಲ್ಕು ದಿನ ನಮ್ಮ ವಶಕ್ಕೆ ಕೊಡಿ ಎಂದು ಕೇಳುವ ಅರ್ಜಿ ಈರಣ್ಣನ ಜೇಬಿನಲ್ಲಿತ್ತು. ಅದರ ಕೆಳಗೆ ನನ್ನ ರುಜು ಇತ್ತು.

"ಕಾಂತಮ್ನೋರೇ, ಶನಿವಾರ ಮಧ್ಯಾಹ್ನ ಈ ಮನೆ ಕಡೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲಪ್ಪ. ಮುಂದಿನ ಬೀದೀಲಿ ಇವ್ರ ಮನೆ ತೀರ್ಥಮ್ಮನ ತವರಿನ ಗಾಡಿ ನಿಂತಿತ್ತು, ತೆಂಗಿನ ಗರಿ ಹೇರ್ಕೊಂಡು. ಅದು ಬತ್ತಾ ಇರ್ತೈತೆ. ಆಮೇಲೆ ಇಳಿಹೊತ್ನಲ್ಲಿ ಅವಳು ಬಾಗ್ಲು ತೊಳೀತಿದ್ಲು. ಇದೇನೇ ಶನಿವಾರ ಇಷ್ಟೊತ್ನಲ್ಲಿ ಅಂದೆ. ಮಾತಾಡ್ಲಿಲ್ಲ."

* * *

ಸುತ್ತಿಕೊಂಡು ಮಲ್ಲಿಕಾರ್ಜುನಯ್ಯನ ಮನೆಯ ಮುಂದಕ್ಕೆ ಬಂದೆ. ಮನೆಗೂ ಕಾಂತಮ್ಮನ ಗೋಡೆಗೂ ನಡುವೆ ಒಂದು ಸಂದಿ. ಲಾಠಿ ಅಡ್ಡ ಹಿಡಿದು ಅಳೆದೆ. ಒಂದೂವರೆ ಅಡಿ. ಜಲ್ಲಿ ಬಿದ್ದ ದಿನ ತಿಮ್ಮರಾಯಪ್ಪ ಕೆಲಸಕ್ಕೆ ಈ ಸಂದಿಯಲ್ಲೇ ಅಡ್ಡಡ್ಡ ನುಸುಳಿಕೊಂಡು ಬಂದಿರಬೇಕು. ಮನುಷ್ಯ ನುಸುಳಬಹುದು. ಕಾರು ನುಸುಳಲಾರದು, ಅದು ಎಷ್ಟು ಸಣ್ಣದಾದರೂ.

ಸಣ್ಣದೆಂದರೆ ಬಹಳ ಸಣ್ಣದು. ಏಳಡಿ ಉದ್ದ, ಎರಡೂವರೆ ಅಡಿ ಅಗಲ. ಸ್ಕೂಟರಿನ ಎಂಜಿನ್ನು, ನಾಲ್ಕು ಪುಟ್ಟ ಚಕ್ರ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು. ಬಾಗಿಲು ಪಕ್ಕದಲ್ಲಿಲ್ಲ, ಮೂತಿಯಲ್ಲಿದೆ. ಸ್ಟೀರಿಂಗನ್ನು ಪಕ್ಕಕ್ಕೆ ಮಡಚಿ ಇಳಿಯಬೇಕು. ಎರಡು ಗೋಡೆಗಳ ನಡುವೆ ನಿಲ್ಲಿಸಿದರೂ ಇಳಿಯಲು ಅಡ್ಡಿಯಿಲ್ಲ. ಹಿಂದಿನ ಸೀಟು ಮಡಚಿದರೆ ಎರಡು ಮೂಟೆ ಹಿಡಿಸುತ್ತದೆ. ಹಿಂಬದಿಯ ರಾಟೆಗೆ ಬೆಲ್ಟು ಹಾಕಿದರೆ ಬಾವಿಯ ಪಂಪೂ ತಿರುಗುತ್ತದೆ.

ಪೆಟ್ರೋಲು ಈ ಬೆಲೆಗೆ ಏರಿದ ಮೇಲೆ ಬೆಂಗಳೂರಿನ ಚಿಕ್ಕಪೇಟೆ ಗಲ್ಲಿಗಳಲ್ಲಿ ಓಡಾಡಲು ಇದಕ್ಕಿಂತ ಬೇರೆ ಕಾರು ಬೇಡ ಎನ್ನುತ್ತಿದ್ದ ಮಲ್ಲಿಕಾರ್ಜುನಯ್ಯ. ಊರಿನವರು 'ಡಬ್ಬಿ' ಎಂದು ನಗುತ್ತಿದ್ದರು. ಬೊಂಬಾಯಿಯಿಂದ ಒಂದು ಕಂಪನಿಯ ಎಂಜಿನಿಯರುಗಳು ಇದನ್ನು ನೋಡಲು ಗುರುವಾರ ಬೆಂಗಳೂರಿಗೆ ಬರುತ್ತಾರೆ ಎಂದು ಗೊತ್ತಾದ ಮೇಲೆ ನಗು ನಿಂತಿತು.

ಮುಂಬಾಗಿಲಿಗೆ ಬಂದು ಲಾಠಿ ಇಟ್ಟು ನೋಡಿದೆ. ಎರಡು ಅಡಿ ಒಂಬತ್ತು ಅಂಗುಲ.

ಎರಡೂವರೆ ಅಡಿಯ ಕಾರಿಗೆ ಎರಡು ಅಡಿ ಒಂಬತ್ತು ಅಂಗುಲದ ಬಾಗಿಲು! ಹಿತ್ತಲಿಂದ ಹಜಾರ, ಹಜಾರದಿಂದ ನಡುಮನೆ, ನಡುಮನೆಯಿಂದ ಬೀದಿ. ಒಂದೇ ನೇರದಲ್ಲಿ ಮೂರು ಬಾಗಿಲು. ಎರಡು ದಿನದಿಂದ ಬೀರೂರಿನವರೆಗೆ ಲಾರಿಗಳನ್ನೆಲ್ಲ ನಿಲ್ಲಿಸಿ ಹುಡುಕಿದ್ದೆ. ಗೂಡ್ಸ್ ಷೆಡ್ಡಿನಲ್ಲಿ ಡಬ್ಬಗಳನ್ನು ಬಿಚ್ಚಿಸಿದ್ದೆ. ಈ ಬಾಗಿಲು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ಹೊಸ್ತಿಲನ್ನು ನಾವು ಯಾರೂ ತುಳಿಯುವುದಿಲ್ಲ. ಅದರ ಮೇಲೆ ಚಕ್ರ ಉರುಳಿಸುವುದನ್ನು ಯಾರು ಊಹಿಸುತ್ತಾರೆ?

ಬೂಟು ಬಿಚ್ಚಿ ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಷ್ಟೋ ವರ್ಷದ ಅರಿಶಿನ ಪದರ ಪದರವಾಗಿ ಗಟ್ಟಿಯಾಗಿದ್ದ ಹೊಸ್ತಿಲು ಅದು. ಎರಡು ಕಡೆ ಆ ಪದರ ಚಕ್ಕೆ ಎದ್ದು ಹೋಗಿತ್ತು. ಒಳಗೆ ಮರವೂ ಜಜ್ಜಿಹೋಗಿತ್ತು. ಅದರ ಮೇಲೆ ಹೊಸದಾಗಿ ಅರಿಶಿನ ಬಳಿದಿತ್ತು. ಗೇಣು ಹಾಕಿ ಅಳೆದೆ. ಎರಡು ಗುರುತುಗಳ ನಡುವಿನ ಅಂತರ ಕಾರಿನ ಎರಡು ಚಕ್ರಗಳ ನಡುವಿನ ಅಂತರಕ್ಕೆ ಸರಿಹೋಯಿತು.

ಹಾಗಾದರೆ ಇದು ಮನೆಯೊಳಗಿನವರ ಕೆಲಸ. ತಿಮ್ಮರಾಯಪ್ಪನದು ಆಗಿರಲು ಸಾಧ್ಯವೇ ಇಲ್ಲ. ಇಪ್ಪತ್ತು ವರ್ಷದಿಂದ ಈ ವರ್ಕ್‌ಶಾಪಿನಲ್ಲಿ ದುಡಿಯುತ್ತಿದ್ದರೂ ಅವನು ಈ ಮನೆಯ ಯಾವ ಹೊಸ್ತಿಲನ್ನೂ ದಾಟಿದವನಲ್ಲ. ಅವನು ಕೆಳಗಿನ ಕೇರಿಯವನು. ಅವನ ಕಾಫಿಗೆ ಬೇರೆ ಅಲ್ಯುಮಿನಿಯಂ ಲೋಟ, ಷೆಡ್ಡಿನ ಕಿಟಕಿಯಲ್ಲಿ ಬೋರಲು ಹಾಕಿರುತ್ತದೆ. ಮೇಲಿನಿಂದ ಎತ್ತಿ ಸುರಿಯುತ್ತಾರೆ. ಭಾನುವಾರ ಅದನ್ನು ಕಣ್ಣಾರೆ ನೋಡಿಕೊಂಡೇ ನಾನು ಸ್ಟೀಲ್ ಲೋಟದಲ್ಲಿ ನನ್ನ ಕಾಫಿ ಕುಡಿದಿದ್ದೆ.

ಅವನು ಮನೆಯೊಳಗೆ ಬರಲಾರ. ಆದ್ದರಿಂದ ಅವನು ನಿರಪರಾಧಿ. ಈ ಲೆಕ್ಕ ಬಿಡಿಸಿದ ಮೇಲೆ, ಒಪ್ಪಿಕೊಳ್ಳುತ್ತೇನೆ, ಒಂದು ಗಳಿಗೆ ನನ್ನ ಬುದ್ಧಿಯ ಬಗ್ಗೆ ನನಗೇ ಮೆಚ್ಚುಗೆಯಾಯಿತು.

* * *

ಮಲ್ಲಿಕಾರ್ಜುನಯ್ಯ ಮನೆಯಲ್ಲಿರಲಿಲ್ಲ. ವಕೀಲರನ್ನು ಕಾಣಲು ಬೆಳಗಿನ ಬಸ್ಸಿಗೇ ತರೀಕೆರೆಗೆ ಹೋಗಿದ್ದ. ಅವನ ಹೆಂಡತಿ ತೀರ್ಥಮ್ಮ ನಡುಮನೆಯಲ್ಲಿ ಚಾಪೆ ಹಾಸಿ, ಕಾಫಿ ತಂದಿಟ್ಟು, ಕಂಬಕ್ಕೆ ಒರಗಿ ನಿಂತರು. ನಲವತ್ತರ ಹತ್ತಿರದ ಹೆಂಗಸು, ಹಣೆಯ ಮೇಲೆ ವಿಭೂತಿ, ಮಾತು ಕಡಿಮೆ.

"ಅಮ್ಮಾ, ಕಾರು ಈ ಬಾಗ್ಲಿಂದಲೇ ಹೋಗಿದೆ."

ಅವರ ಮುಖ ಅಲುಗಲಿಲ್ಲ.

"ಹೊಸ್ತಿಲ ಮೇಲೆ ಗುರುತಿದೆ. ಶನಿವಾರ ಇಳಿಹೊತ್ತಲ್ಲಿ ನೀವು ಬಾಗ್ಲು ತೊಳೆದ್ರಂತೆ. ಚಕ್ರದ ಗುರುತು ಹೋಗ್ಲಿ ಅಂತ ತಾನೆ?"

ಕಾರಿನ ಮಾತಿಗೆ ಅಲುಗದ ಮುಖ, ತೊಳೆದ ಮಾತಿಗೆ ಕಪ್ಪಿಟ್ಟಿತು. ಕಣ್ಣು ನೆಲಕ್ಕೆ ಇಳಿಯಿತು. ಅದೇಕೆ ಹಾಗೆ ಎಂದು ಆಗ ನನಗೆ ಹೊಳೆಯಲಿಲ್ಲ. ಸಿಕ್ಕಿಬಿದ್ದರು ಎಂದಷ್ಟೇ ತಿಳಿದೆ.

"ಹೂಂ," ಎಂದರು. "ನಾನೇ ಕಳಿಸ್ದೆ."

"ಎಲ್ಲಿಗೆ?"

"ತವರಿಗೆ. ಚೌಳಹಿರಿಯೂರ ತೋಟದ ಪಂಪುಮನೇಲೈತೆ. ನಮ್ಮಣ್ಣನ ಗಾಡಿ ಬಂದಿತ್ತು. ಜಗಲಿಗೆ ತಾಗಿಸಿ ನಿಲ್ಸಿದ್ರೆ ಗಾಡಿ ಹಲಗೆಗೂ ಜಗಲಿಗೂ ಒಂದೇ ಎತ್ತರ. ಉರುಳಿಸಿ ಹತ್ತಿಸಿ ಮೇಲೆ ಗರಿ ಮುಚ್ಚಿದ್ದು."

"ಎತ್ತಿದ್ದು ಯಾರು?"

ಸ್ವಲ್ಪ ತಡೆದು ಹೇಳಿದರು. "ಗಾಡಿಯಾಳು ಒಂದು ತುದಿ. ನಾನೊಂದು ತುದಿ."

"ಗಂಡನ ಕಾರನ್ನ ಹೆಂಡ್ತಿ ಯಾಕಮ್ಮಾ ಬಚ್ಚಿಡ್ಬೇಕು?"

"ಗಂಡನ ಕಾರು ಅಂತ ನಿಮಗ್ಯಾರು ಹೇಳಿದ್ದು?"

ದೂರಿನಲ್ಲಿ ಹಾಗೆಂದು ಬರೆದಿತ್ತು, ಪೇಪರಿನವರೂ ಹಾಗೇ ಬರೆದಿದ್ದರು. ಅದಕ್ಕಿಂತ ಹೆಚ್ಚಿನ ಸಾಕ್ಷಿ ನನ್ನಲ್ಲಿರಲಿಲ್ಲ.

ತೀರ್ಥಮ್ಮ ಒಂದು ತಂಬಿಗೆ ನೀರು, ಒಂದು ಬಟ್ಟೆ ತಂದು ನನ್ನ ಕೈಗಿತ್ತರು. "ಷೆಡ್ಡಿನ ಪಡುವಣ ಗೋಡೆಗೆ ಸುಣ್ಣ ಹೊಡ್ದವ್ರೆ. ಒದ್ದೆ ಮಾಡಿ ನೋಡಿ. ಆಮೇಲೆ ಕೇಳಿ ಏನ್ ಕೇಳ್ತೀರೋ."

ಹೋಗಿ ಒದ್ದೆ ಮಾಡಿದೆ. ನೀರು ಕುಡಿದ ಸುಣ್ಣ ತೆಳ್ಳಗಾಗುತ್ತ ಹೋದಂತೆ ಅದರ ಅಡಿಯಿಂದ ಇದ್ದಿಲಿನ ಗೆರೆ ಮೇಲೆದ್ದಿತು. ಒಂದು ಚಕ್ರ. ಇನ್ನೊಂದು. ಬಟ್ಟೆ ಹಿಡಿದು ಗೋಡೆಯುದ್ದಕ್ಕೂ ಹೋದೆ. ಏಳಡಿಯ ಕಾರು ಏಳಡಿ ಉದ್ದಕ್ಕೇ ಗೋಡೆಯ ಮೇಲೆ ನಿಂತಿತ್ತು. ಮೊದಲು ಮೂರು ಚಕ್ರ ಬರೆದು ಅಳಿಸಿ ನಾಲ್ಕು ಮಾಡಿದ್ದು, ಬಾಗಿಲನ್ನು ಪಕ್ಕದಿಂದ ತೆಗೆದು ಮೂತಿಗೆ ತಂದದ್ದು, ಸ್ಟೀರಿಂಗು ಮಡಚುವ ಕೀಲನ್ನು ಐದು ಸಲ ತಿದ್ದಿದ್ದು, ಎಲ್ಲವೂ ಅಲ್ಲಿತ್ತು.

ಅಳತೆಗಳು ಅಡಿ ಅಂಗುಲದಲ್ಲಿರಲಿಲ್ಲ. ಪ್ರತಿ ಗೆರೆಯ ಪಕ್ಕದಲ್ಲಿ ಗೇಣಿಗೊಂದು ಉದ್ದ ಗೀಟು, ಬೆರಳಿಗೊಂದು ಗಿಡ್ಡ ಗೀಟು. ಓದು ಬರಹ ಬಾರದವನ ಲೆಕ್ಕ ಅದು. ಮಲ್ಲಿಕಾರ್ಜುನಯ್ಯ ಬನಾತು ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿ ಸ್ಕೇಲು ಇಟ್ಟುಕೊಂಡು ಓಡಾಡುವ ಮನುಷ್ಯ.

ಗೀಟುಗಳ ಮೇಲೆ ನನ್ನ ಗೇಣು ಇಟ್ಟು ನೋಡಿದೆ. ತನ್ನ ಕಾರನ್ನೇ ತಾನು ಕದ್ದನೆಂದು ಒಬ್ಬನ ಕೆನ್ನೆಗೆ ಹೊಡೆದ ಕೈ ಅದು.

ಹಿಂದೆ ತೀರ್ಥಮ್ಮ ಬಂದು ನಿಂತಿದ್ದರು.

"ನಾಲ್ಕು ವರ್ಷ ನೋಡಿದೀನಿ. ಅವನು ಗೀಚೋದು, ಇವ್ರು ಸಾಮಾನು ತಂದ್ಕೊಡೋದು. ಚಂದಾಗೇ ಇದ್ರು ಇಬ್ರೂ. ಬೊಂಬಾಯಿ ಕಾಗ್ದ ಬಂದ ದಿನ ಇವ್ರು ತರೀಕೆರೆಯಿಂದ ಡ್ರಾಯಿಂಗ್ ಮಾಡೋರನ್ನ ಕರ್ಕಂಬಂದ್ರು. ಗೋಡೆ ನೋಡ್ಕೊಂಡು ಶಾಯಿಲಿ ಬರೆಸಿದ್ರು. ಕೆಳಗೆ ತಮ್ಮೆಸ್ರು. ಮಾರನೇ ದಿನ ಸುಣ್ಣ."

"ನೀವೇನೂ ಹೇಳ್ಲಿಲ್ವಾ?"

"ಎರಡೂ ಹೆಸ್ರು ಹಾಕ್ಸ್ರೀ ಅಂದೆ. ನಕ್ಕರು. ಅವನ ಹೆಸ್ರು ನೋಡಿದ್ರೆ ಯಾರು ಕಾರು ತಗೋತಾರೆ ಅಂದ್ರು." ತೀರ್ಥಮ್ಮ ಗೋಡೆಯನ್ನೇ ನೋಡುತ್ತಿದ್ದರು. "ಗುರುವಾರ ಕಾರು ಇಲ್ದಿದ್ರೆ ಬೊಂಬಾಯಿಯೋರು ವಾಪಸ್ ಹೋಗ್ತಾರೆ. ಅಷ್ಟು ಸಾಕಾಗಿತ್ತು ನಂಗೆ. ಅವನನ್ನ ಹಿಡೀತೀರಿ ಅಂತ ಅನ್ಕೊಂಡಿರ್ಲಿಲ್ಲ."

"ನಿನ್ನೆ ಹಗ್ಗ ಕಟ್ಟಿ ಕರ್ಕೊಂಡು ಹೋದಾಗ ಈ ಬೀದೀಲೇ ಹೋದ್ವಿ."

"ನೋಡ್ದೆ. ಕಿಟಕಿ ಹಾಕ್ಕೊಂಡೆ."

ಅವರನ್ನು ಬೈಯುವ ಯೋಗ್ಯತೆ ನನಗೆಲ್ಲಿತ್ತು?

"ಈ ಮಾತನ್ನ ಕೋರ್ಟಲ್ಲಿ ಹೇಳ್ತೀರಾ ಅಮ್ಮಾ? ಕಾರು ಕಳಿಸಿದ್ದು ನಾನು ಅಂತ? ನೀವು ಹೇಳಿದ್ರೆ ತಿಮ್ಮರಾಯಪ್ಪ ಇವತ್ತೇ ಮನೆಗೆ ಹೋಗ್ತಾನೆ."

ಈ ಮನೆಯ ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತುವುದುಂಟೆ ಎಂದು ಕೇಳುತ್ತಲೇ ಅನ್ನಿಸಿತು. ಆದರೆ ಅವರು ಹಿಂದುಮುಂದು ನೋಡಲಿಲ್ಲ.

"ನಿಲ್ಲಿ. ಸೀರೆ ಬದಲಾಯಿಸ್ಕೊಂಡ್ ಬತ್ತೀನಿ."

* * *

ಜೀಪನ್ನು ನಾನೇ ಓಡಿಸಿದೆ. ಡ್ರೈವರ್ ಇದ್ದರೆ ಅವರು ಮಾತಾಡಲಿಕ್ಕಿಲ್ಲ ಎಂದು ಅವನನ್ನು ಠಾಣೆಯಲ್ಲೇ ಬಿಟ್ಟಿದ್ದೆ. ಊರು ದಾಟಿ, ಅಮೃತ ಮಹಲ್ ದನಗಳ ಕಾವಲಿನ ಬೇಲಿ ದಾಟುವವರೆಗೂ ಹಿಂದಿನ ಸೀಟಿನಿಂದ ಒಂದು ಮಾತಿಲ್ಲ. ನಾನು ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಜಲ್ಲಿ, ಬಾಗಿಲಿನ ಅಳತೆ, ಹೊಸ್ತಿಲು, ಸುಣ್ಣದಡಿಯ ಗೆರೆ. ತಪ್ಪು ನನ್ನದೆಂದು ಒಪ್ಪಿಕೊಂಡರೂ ತನಿಖೆ ಚೆನ್ನಾಗಿದೆ ಎಂದು ಅವರು ಅನ್ನಬಹುದು ಎಂಬ ಆಸೆ ಇತ್ತು ಎಂದರೆ ನೀವು ನಗುತ್ತೀರಿ.

"ಬೆನಕಪ್ಪನೋರೇ."

"ಹೇಳಿ ಅಮ್ಮಾ."

"ಗಾಡಿಯಾಳು ಗಾಡಿ ಬಿಟ್ಟಿಳೀಲಿಲ್ಲ. ಎತ್ತು ಹೊಸವು. ಹಗ್ಗ ಬಿಟ್ರೆ ಓಡ್ತಿದ್ವು."

ನಾನು ಜೀಪಿನ ವೇಗ ಇಳಿಸಿದೆ. "ಮತ್ತೆ ಇನ್ನೊಂದು ತುದಿ?"

ರಸ್ತೆ ಪಕ್ಕದ ಹುಣಸೆಮರದಡಿ ನಿಲ್ಲಿಸಿ ತಿರುಗಿ ನೋಡಿದೆ. ತೀರ್ಥಮ್ಮ ಎರಡೂ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟು ಅದನ್ನೇ ನೋಡುತ್ತಿದ್ದರು.

"ನಾನೇ ಕರ್ದೆ. ತಿಮ್ಮರಾಯಪ್ಪಾ, ಒಳಗ್ ಬಾ ಅಂದೆ. ಹಿತ್ಲು ಬಾಗ್ಲಲ್ಲಿ ಕಾರು ಹಿಡ್ಕೊಂಡು ನಿಂತ್ಬಿಟ್ಟ. ಬ್ಯಾಡ ಅಮ್ಮಾ, ಬ್ಯಾರೆ ದಾರಿ ನೋಡಾನ ಅಂದ. ಬ್ಯಾರೆ ದಾರಿ ಎಲ್ಲೈತೆ? ಹೊತ್ತಾಗ್ತೈತೆ ಬಾ ಅಂದೆ. ತೊಟ್ಟಿ ಹತ್ರ ಹೋಗಿ ಕಾಲು ತೊಳ್ಕೊಂಡ. ಎರಡ್ ಸಲ ತೊಳ್ಕೊಂಡ ಕಣ್ರೀ. ಆಮೇಲೆ ಬಂದ."

"ಅಂದ್ರೆ ಅವನಿಗೆ ಎಲ್ಲಾ ಗೊತ್ತು? ಲಾಕಪ್ಪಲ್ಲಿ ಒಂದು ಮಾತೂ ಆಡ್ಲಿಲ್ವಲ್ಲ!"

"ಆಡಲ್ಲ ಅವನು."

"ಮತ್ತೆ..."

"ಪೂರ್ತಿ ಕೇಳಿ." ಅವರು ಅಂಗೈ ಮಡಚಿಕೊಂಡರು. "ಗಾಡಿ ಹೋಯ್ತು. ಅವನು ಸಂದೀಲಿ ಆಚೆ ಹೋದ. ನಾನು ಬಕೀಟು ತಗೊಂಡೆ. ಗಂಜಲ ಹಾಕ್ಕೊಂಡು ತೊಳ್ದೆ. ಅವನು ಕಾಲಿಟ್ಟ ಕಡೆಯೆಲ್ಲ, ಮೂರು ಬಾಗ್ಲೂ. ಗುರುತು ಮುಚ್ಚಕ್ಕಲ್ಲ ಬೆನಕಪ್ಪನೋರೇ. ಚಕ್ರದ ಗುರುತು ಬಿದ್ದೈತೆ ಅಂತ ಅರಿಶಿನ ಬಳೀವಾಗ್ಲೂ ನಂಗೆ ಗೊತ್ತಾಗ್ಲಿಲ್ಲ. ನೀವು ಹೇಳಿದ್ಮೇಲೆ ಗೊತ್ತಾಯ್ತು."

ನಾನು ಜೀಪಿನ ಎಂಜಿನ್ನು ಆರಿಸಿದೆ.

"ಟವೆಲ್ ಮರ್ತಿದ್ದ. ತಗೊಳಕ್ಕೆ ವಾಪಸ್ ಬಂದ. ಮುಂಬಾಗ್ಲು ತೊಳೀತಾ ತಲೆ ಎತ್ತಿದ್ರೆ ಸಂದಿ ಬಾಯಲ್ಲಿ ನಿಂತವ್ನೆ. ಬಕೀಟು ನೋಡ್ದ. ನನ್ ಮುಖ ನೋಡ್ದ. ಏನೂ ಅನ್ಲಿಲ್ಲ. ಟವೆಲ್ಲೂ ಕೇಳ್ದೆ ಹೋದ."

ತೀರ್ಥಮ್ಮ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು.

"ಅವನಿಗೆ ನ್ಯಾಯ ಮಾಡಕ್ಕೆ ಹೋದೋಳು ನಾನು," ಎಂದರು. "ನಾಚ್ಕೆಯಾಗ್ತೈತೆ. ಶನಿವಾರದಿಂದ ಊಟ ಇಳೀತಿಲ್ಲ."

ನಾನು ಬೆಳಗಿನಿಂದ ಬೀಗುತ್ತಿದ್ದ ತರ್ಕ ಯಾವುದು? ಅವನು ಹೊಸ್ತಿಲು ದಾಟಲಾರ, ಆದ್ದರಿಂದ ಕಳ್ಳನಲ್ಲ. ಆ ಹೆಂಗಸಾದರೂ ಒಂದು ಸಲ ಒಳಗೆ ಬಾ ಎಂದು ಕರೆದಿದ್ದರು. ನಾನು ಅವನನ್ನು ಬಿಡಿಸಲು ಹೊರಟಾಗಲೂ ಹೊರಗೇ ನಿಲ್ಲಿಸಿ ಬಿಡಿಸಲು ಹೊರಟಿದ್ದೆ. ಅದರಲ್ಲಿ ತಪ್ಪಿದೆ ಎಂದು ನನಗೆ ಅನ್ನಿಸಿಯೂ ಇರಲಿಲ್ಲ.

"ಕೋರ್ಟಲ್ಲಿ ಕಾರು ಕಳಿಸಿದ್ದು ನಾನು ಅಂತ ಹೇಳ್ತೀನಿ," ಎಂದರು ತೀರ್ಥಮ್ಮ. "ಗಾಡಿಯಾಳು ಎತ್ತಿದ ಅಂತ್ಲೇ ಇರ್ಲಿ. ಅವನು ಒಳಗ್ ಬಂದಿದ್ದ ಅನ್ನೋದೊಂದು ಬ್ಯಾಡ. ಕಡೂರಲ್ಲಿ ಮಗಳ ಮದ್ವೆ ಮಾತು ನಡೀತೈತೆ. ಮಠಕ್ಕೆ ನಡ್ಕೊಳೋ ಮನೆತನ. ನಿಮಗೇನು ಹೇಳೋದು, ನೀವೂ ನಮ್ಮೋರೇ."

ನೀವೂ ನಮ್ಮೋರೇ. ಆ ಮಾತು ಚುಚ್ಚಿತು. ಚುಚ್ಚಿದರೂ ಅಂಗಿಯೊಳಗೆ ಕೈಹಾಕಿ ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟೆ. ತಿಮ್ಮರಾಯಪ್ಪ ಹೊರಬಂದರೆ ಸಾಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

* * *

ತರೀಕೆರೆ ಕೋರ್ಟು ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ತೀರ್ಥಮ್ಮನವರನ್ನು ಜೀಪಿನಲ್ಲೇ ಕೂರಿಸಿ ಜಗಲಿ ಹತ್ತಿದೆ. ತಿಮ್ಮರಾಯಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ನನ್ನನ್ನು ಕಂಡು ಏಳಲು ಹೋದ.

"ಕೂತ್ಕೋ," ಎಂದೆ. ಈರಣ್ಣನನ್ನು ಆಚೆ ಕಳಿಸಿ ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ. ಜಗಲಿಯಲ್ಲಿದ್ದ ವಕೀಲರು ತಿರುಗಿ ನೋಡಿದರು. ನೋಡಲಿ.

"ತಪ್ಪಾಯ್ತು ತಿಮ್ಮರಾಯಪ್ಪ. ಗೇಟಿನ ಹಿಂದೆ ಜಲ್ಲಿ ಬಿದ್ದಿರೋದನ್ನ ನಾನು ನೋಡ್ಲೇ ಇಲ್ಲ. ನಿನ್ನ ಮೇಲೆ ಕೈ ಮಾಡಿದ್ದು ದೊಡ್ಡ ತಪ್ಪು."

"ದೊಡ್ಡ ಮಾತು ಬಿಡಿ ಸ್ವಾಮಿ."

"ತೀರ್ಥಮ್ನೋರು ಬಂದಿದಾರೆ. ಕಾರು ಕಳಿಸಿದ್ದು ತಾವೇ ಅಂತ ಹೇಳ್ತಾರೆ. ನೀನು ಮನೆಗೆ ಹೋಗ್ತೀಯ."

ಅವನ ತೆರೆದಿದ್ದ ಒಂದೇ ಕಣ್ಣು ನನ್ನ ಮೇಲೆ ನಿಂತಿತು. "ಅಮ್ಮಾವ್ರು ಎಲ್ಲಾನೂ ಹೇಳಿದ್ರಾ ನಿಮಗೆ?"

"ಎಲ್ಲಾನೂ."

"ತೊಳ್ದಿದ್ದೂ?"

ನಾನು ತಲೆಯಾಡಿಸಿದೆ. ಅವನು ಮುಖ ತಿರುಗಿಸಿ ಅಂಗಳದ ಜೀಪಿನ ಕಡೆ ನೋಡಿದ. ತೀರ್ಥಮ್ಮ ಸೆರಗು ಹೊದ್ದು ಕೂತಿದ್ದುದು ಕಾಣುತ್ತಿತ್ತು. ಅವನು ಇನ್ನೇನೋ ಕೇಳುವವನಿದ್ದ. ಅಷ್ಟರಲ್ಲಿ ಒಳಗಿಂದ ಜವಾನ ಅವನ ಹೆಸರು ಕೂಗಿದ.

ಮೊದಲ ಬೆಂಚಿನಲ್ಲಿ ಮಲ್ಲಿಕಾರ್ಜುನಯ್ಯ ವಕೀಲರ ಪಕ್ಕ ಕೂತಿದ್ದ, ಬಿಳಿ ಜುಬ್ಬ ಹಾಕಿಕೊಂಡು. ನನಗೆ ನಮಸ್ಕಾರ ಮಾಡಿದ. ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ನನ್ನ ಅರ್ಜಿ ಆಗಲೇ ಬಿಚ್ಚಿಕೊಂಡಿತ್ತು.

"ಸ್ವಾಮೀ, ತನಿಖೆಯಲ್ಲಿ ಹೊಸ ವಿಷಯ..." ಎಂದು ಶುರುಮಾಡಿದೆ.

"ನಿಮ್ಮದು ಆಮೇಲೆ. ಮೊದಲು ಆರೋಪಿ ಮಾತಾಡಲಿ." ಮ್ಯಾಜಿಸ್ಟ್ರೇಟರು ಕನ್ನಡಕ ಸರಿಸಿದರು. "ಏನಪ್ಪಾ, ಪೊಲೀಸರು ಹೊಡೆದರಾ?"

"ಇಲ್ಲ ಸ್ವಾಮಿ."

"ಕೆನ್ನೆ ಊದಿದೆಯಲ್ಲ?"

"ಬಸ್ಸಲ್ಲಿ ಕಂಬಿ ತಗುಲ್ತು."

ನನ್ನ ಕಿವಿ ಬಿಸಿಯಾಯಿತು. ನಾನು ಹೊಡೆದೆನೆಂದು ಅವನು ಹೇಳಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹೇಳುವುದೇನಾದರೂ ಇದೆಯಾ?"

"ಐತೆ ಸ್ವಾಮಿ. ಕಾರು ತಗೊಂಡಿದ್ದು ನಾನೇ. ಒಬ್ನೇ. ಹಿಂದಿನ ಗೇಟಿನ ಬೀಗ ತೆಗ್ದು ತಗೊಂಡ್ಹೋದೆ. ಎಲ್ಲೈತೆ ಅಂತ ಹೇಳಲ್ಲ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಮಲ್ಲಿಕಾರ್ಜುನಯ್ಯ ಸೆಟೆದು ಕೂತ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಸುಳ್ಳು! ಆ ಗೇಟು ತೆರೆಯುವಂತೆಯೇ ಇರಲಿಲ್ಲ. ಆದರೆ ಅದನ್ನು ಹೇಳಿದರೆ ಮತ್ತೆ ಯಾವ ದಾರಿ, ಎತ್ತಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅವನು ಅದನ್ನು ಮೊದಲೇ ಕಂಡುಕೊಂಡಿದ್ದ.

"ಕಾವಲಿಗೆ ಮನೆಯವರು ಇರಲಿಲ್ಲವೇ?" ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಮನೆ ವಿಷ್ಯ ನನಗೆ ಗೊತ್ತಿಲ್ಲ ಸ್ವಾಮಿ. ಇಪ್ಪತ್ತು ವರ್ಷದಲ್ಲಿ ಆ ಮನೆ ಒಳಕ್ಕೆ ನಾನು ಒಂದು ದಿನಾನೂ ಕಾಲಿಟ್ಟೋನಲ್ಲ." ತಿಮ್ಮರಾಯಪ್ಪ ನನ್ನನ್ನು ದಾಟಿ ಬಾಗಿಲ ಕಡೆ ನೋಡಿದ. "ಬೇಕಿದ್ರೆ ಅಮ್ಮಾವ್ರನ್ನೇ ಕೇಳಿ. ಅಲ್ಲವ್ರೆ."

ಎಲ್ಲರೂ ತಿರುಗಿದರು. ತೀರ್ಥಮ್ಮ ಯಾವಾಗ ಜೀಪಿನಿಂದ ಇಳಿದು ಬಂದರೋ, ಕೋರ್ಟಿನ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕಾಪಾಡಲು ಅವನು ಹಾಗೆ ಹೇಳಿದನೋ, ಬಕೀಟಿನ ನೀರನ್ನು ಅವರ ಮುಖಕ್ಕೇ ಎರಚಿದನೋ, ನನಗೆ ತಿಳಿಯಲಿಲ್ಲ. ಅವನ ಮುಖದಲ್ಲಿ ಎರಡಕ್ಕೂ ಜಾಗವಿತ್ತು.

ಮಲ್ಲಿಕಾರ್ಜುನಯ್ಯ ಎದ್ದ. "ನಿಜ ಸ್ವಾಮೀ, ಅವನು ಒಳಗೆ..."

"ನಿಮ್ಮನ್ನು ಕೇಳಲಿಲ್ಲ. ಕೂತುಕೊಳ್ಳಿ." ಮ್ಯಾಜಿಸ್ಟ್ರೇಟರು ಬಾಗಿಲ ಕಡೆ ತಿರುಗಿದರು. "ಬನ್ನಿ ತಾಯೀ. ಈತ ಹೇಳಿದ್ದು ನಿಜವೇ? ನಿಮ್ಮ ಮನೆಯೊಳಗೆ ಬಂದವನಲ್ಲವೇ ಈತ?"

ತೀರ್ಥಮ್ಮ ಎರಡು ಹೆಜ್ಜೆ ಒಳಗೆ ಬಂದರು. ಗಂಡನನ್ನು ನೋಡಿದರು. ನನ್ನನ್ನು ನೋಡಿದರು. ಕಟಕಟೆಯ ಕಡೆ ಮಾತ್ರ ನೋಡಲಾಗಲಿಲ್ಲ. ಕಾರು ಕಳಿಸಿದ್ದು ನೀವೆಂದು ಹೇಳಿ ಅಮ್ಮಾ, ಹೇಳಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅಷ್ಟು ದೂರ ಬಂದದ್ದು ಅದಕ್ಕೇ ಅಲ್ಲವೇ?

"ನಿಜ," ಎಂದರು ತೀರ್ಥಮ್ಮ. "ಬಂದಿಲ್ಲ."

ತಿಮ್ಮರಾಯಪ್ಪ ಕಣ್ಣು ಮುಚ್ಚಿಕೊಂಡ.

ಮ್ಯಾಜಿಸ್ಟ್ರೇಟರು ನನ್ನ ಅರ್ಜಿಯನ್ನು ಮುಂದಕ್ಕೆ ಎಳೆದುಕೊಂಡು ಲೇಖನಿ ಬಿಚ್ಚಿದರು.

"ಮಾಲು ಎಲ್ಲಿದೆ ಎಂದು ಹೇಳುವುದಿಲ್ಲ ಎನ್ನುತ್ತಿದ್ದಾನೆ. ಹದಿನಾಲ್ಕು ದಿನ ನಿಮ್ಮ ವಶಕ್ಕೆ ಕೇಳಿದ್ದೀರಿ, ಸಬ್‌ಇನ್ಸ್‌ಪೆಕ್ಟರೇ," ಎಂದರು. "ಈಗಲೂ ಅಷ್ಟೇ ಬೇಕೇ?"